ಕಾಲಿಗಿಂತ ದೊಡ್ಡ ಚಪ್ಪಲಿ ಯಾಕೆ? ಆಫ್‌ರೋಡ್ ಗಾಡಿಗೆ ಚಕ್ರ, ಟೈರ್ ಆರಿಸುವ ಲೆಕ್ಕ

ಗಾಡಿ ಮನೆಗೆ ಬಂದ ದಿನವೇ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಮೊದಲ ಮೆಸೇಜು: "ಜೀಪ್ ಸೂಪರ್ ಮಗಾ, ಆದ್ರೆ ಇದೇನು ಸೈಕಲ್ ಟೈರ್?"

ಗಾಡಿ ಮಾರುತಿ ಜಿಮ್ನಿ, ಸೆಕೆಂಡ್ ಹ್ಯಾಂಡ್. ನನ್ನ ಕೆಲಸ ಬೆಂಗಳೂರಲ್ಲಿ, ಊರು ಮೂಡಿಗೆರೆ ಕಡೆ. ಮನೆ ಮುಟ್ಟುವ ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಮಳೆಗಾಲದ ನಾಲ್ಕು ತಿಂಗಳು ಅದು ರಸ್ತೆ ಅನ್ನುವುದಕ್ಕಿಂತ ಹಳ್ಳ ಅನ್ನುವುದೇ ಸರಿ. ಹಾಗಾಗಿ ಫೋರ್ ವೀಲ್ ಡ್ರೈವ್ ನನಗೆ ಶೋಕಿಯಲ್ಲ, ಅಗತ್ಯ ಅಂತ ಮನೆಯಲ್ಲಿ ವಾದ ಮಾಡಿಯೇ ತಗೊಂಡಿದ್ದೆ. ಆದರೆ ಶೋಕಿ ಅಷ್ಟು ಸುಲಭಕ್ಕೆ ಬಿಡುತ್ತಾ? ಆರು ತಿಂಗಳು ಕಳೆಯುವುದರೊಳಗೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಂಪನಿ ಕೊಟ್ಟ 195/80 ಆರ್15 ಟೈರ್ ಕಳಚಿಸಿ, 235/75 ಆರ್15 ಮಡ್ ಟೈರ್ ಹಾಕಿಸಿದೆ. ಹಳೆಯ ರಿಮ್ಮಿಗೆ ಅಷ್ಟು ಅಗಲದ ಟೈರ್ ಸರಿಯಾಗಿ ಕೂರುವುದಿಲ್ಲ ಅಂತ ಅಗಲದ ಹೊಸ ರಿಮ್ಮೂ ಬಂತು. ಸಸ್ಪೆನ್ಷನ್ ಮುಟ್ಟಲಿಲ್ಲ, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಲಿಲ್ಲ. ಸ್ಟೆಪ್ನಿ ಮಾತ್ರ ಹಳೆಯದೇ ಇರಲಿ ಅಂದೆ, ಕೈಯಲ್ಲಿದ್ದ ದುಡ್ಡು ಅಲ್ಲಿಗೆ ಮುಗಿದಿತ್ತು.

ಊರಿಗೆ ಬಂದಾಗ ಪೇಟೆಯ ಟೈರ್ ಅಂಗಡಿಯ ಕಾಕ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ನೋಡಿದರು. "ಎಂತ ಮಾರಾಯ, ಕಾಲಿಗಿಂತ ಚಪ್ಪಲಿ ದೊಡ್ಡದಾಯ್ತಲ್ಲ" ಅಂದರು. ನಾನು ನಕ್ಕು ಸುಮ್ಮನಾದೆ.

ಮುಂದಿನ ಜುಲೈ. ಚಾರ್ಮಾಡಿ ಘಾಟಿ, ಸಣ್ಣಗೆ ಮಳೆ, ಡಾಂಬರು ಒದ್ದೆ. ತಿರುವಿನಲ್ಲಿ ಮುಂದಿದ್ದ ಬೈಕಿನವರು ಬಸ್ಸಿಗೆ ದಾರಿ ಬಿಡಲು ಥಟ್ಟನೆ ನಿಂತರು. ನಾನೂ ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಆದರೆ ನಾನು ಅಂದುಕೊಂಡ ಜಾಗದಲ್ಲಿ ಅಲ್ಲ, ಒಂದು ಮಾರು ಮುಂದೆ. ಬೈಕಿನವರು ಬಿದ್ದರು, ಮಣಿಕಟ್ಟು ಮುರಿಯಿತು. ಅವರು ಕಾಫಿ ತೋಟದ ಕೂಲಿ ಕೆಲಸಗಾರರು. ಕೈಗೆ ಪ್ಲಾಸ್ಟರ್ ಬಿದ್ದರೆ ಆರು ವಾರ ದುಡಿಮೆ ಇಲ್ಲ.

ಟೈರಿನಿಂದಲೇ ಹಾಗಾಯಿತು ಅಂತ ನಾನು ಪ್ರಮಾಣ ಮಾಡಲಾರೆ. ನನ್ನ ವೇಗವೂ ಇತ್ತು, ಮಳೆಯೂ ಇತ್ತು. ಆದರೆ ಹಳೆಯ ಟೈರ್ ಇದ್ದಿದ್ದರೆ ಆ ಒಂದು ಮಾರು ಉಳಿಯುತ್ತಿತ್ತೇನೋ ಎಂಬ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ, ಕಾಕನ ಹತ್ತಿರ ಪಾಠ ಹೇಳಿಸಿಕೊಂಡೆ, ಕಾನೂನು ಓದಿದೆ. ಈ ಬರಹ ಅದರ ಸಾರ. ಒಂದೇ ಮಾತಲ್ಲಿ ಹೇಳುವುದಾದರೆ: ಬೇರೇನೂ ಬದಲಿಸದ ಗಾಡಿಗೆ ಕಂಪನಿ ಕೊಟ್ಟ ಸೈಜೇ ಬಹುಪಾಲು ಸರಿ. ಬದಲಿಸಬೇಕಾದ್ದು ಸೈಜನ್ನಲ್ಲ, ಟೈರಿನ ಜಾತಿ ಮತ್ತು ಅದರೊಳಗಿನ ಗಾಳಿಯನ್ನು.

ಟೈರ್ ಮೇಲಿನ ಅಂಕಿ ಏನು ಹೇಳುತ್ತೆ?

ಮೊದಲು ಅಂಕಿ ಓದುವುದನ್ನು ಕಲಿಯೋಣ. ಟೈರಿನ ಪಕ್ಕದಲ್ಲಿ 195/80 ಆರ್15 96ಎಸ್ ಅಂತ ಇದೆ ಅಂದುಕೊಳ್ಳಿ.

195 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇ. 80ರಷ್ಟು. ಅಂದರೆ 156 ಮಿ.ಮೀ. ಆರ್ ಅಂದರೆ ರೇಡಿಯಲ್ ಟೈರ್. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 96 ಎಂಬುದು ಭಾರದ ಸೂಚ್ಯಂಕ: ಆ ಒಂದು ಟೈರ್ ಗರಿಷ್ಠ 710 ಕಿಲೋ ಹೊರಬಲ್ಲದು. ಎಸ್ ಎಂಬುದು ವೇಗದ ಮಿತಿ, ಗಂಟೆಗೆ 180 ಕಿ.ಮೀ.

ಒಟ್ಟು ಎತ್ತರ ಬೇಕಾದರೆ ಹೀಗೆ: ರಿಮ್ಮಿನ 15 ಇಂಚು ಅಂದರೆ 381 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು ಗೋಡೆ, 156 + 156 ಸೇರಿಸಿ. ಬಂತು 693 ಮಿ.ಮೀ. ಮೊಬೈಲ್ ಕ್ಯಾಲ್ಕ್ಯುಲೇಟರ್ ಸಾಕು. ಅಂಗಡಿಗೆ ಹೋಗುವ ಮುಂಚೆ ಇದನ್ನು ಮಾಡಿಕೊಂಡು ಹೋದರೆ ಅರ್ಧ ಮೋಸ ತಪ್ಪುತ್ತೆ.

ನಾನು ಹಾಕಿಸಿದ 235/75 ಆರ್15 ಟೈರಿನ ಒಟ್ಟು ಎತ್ತರ ಇದೇ ಲೆಕ್ಕದಲ್ಲಿ 733.5 ಮಿ.ಮೀ. ಅಂದರೆ ಮೊದಲಿಗಿಂತ ಶೇ. 5.8ರಷ್ಟು ದೊಡ್ಡದು. ಕೇಳೋಕೆ ಸಣ್ಣದು ಅನ್ನಿಸುತ್ತೆ. ಇದು ಗಾಡಿಗೆ ಏನು ಮಾಡುತ್ತೆ ನೋಡಿ.

ಸಿಕ್ಕಿದ್ದೆಷ್ಟು, ಹೋಗಿದ್ದೆಷ್ಟು

ದೊಡ್ಡ ಟೈರ್ ಹಾಕಿಸುವವರೆಲ್ಲ ಹೇಳುವ ಮೊದಲ ಕಾರಣ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ. ಟೈರ್ 40 ಮಿ.ಮೀ. ಎತ್ತರವಾಯಿತು ಅಂದ ಮಾತ್ರಕ್ಕೆ ಗಾಡಿ 40 ಮಿ.ಮೀ. ಮೇಲೇಳುವುದಿಲ್ಲ. ಆಕ್ಸಲ್ ಇರುವುದು ಚಕ್ರದ ನಡುವೆ. ಹಾಗಾಗಿ ಸಿಗುವುದು ಅರ್ಧ ಮಾತ್ರ, 20 ಮಿ.ಮೀ. ಹೆಚ್ಚೂಕಡಿಮೆ ಒಂದು ಹೆಬ್ಬೆರಳಿನ ಅಗಲ. ಟೈರ್ ಮತ್ತು ರಿಮ್ ಸೇರಿ ₹80,000ದ ಹತ್ತಿರ ಸುರಿದು ನಾನು ಕೊಂಡುಕೊಂಡಿದ್ದು ಅಷ್ಟು.

ಹೋಗಿದ್ದರ ಪಟ್ಟಿ ಉದ್ದ ಇದೆ.

ಮೊದಲನೆಯದು ಎಳೆಯುವ ಶಕ್ತಿ. ಎಂಜಿನ್ ಚಕ್ರವನ್ನು ತಿರುಚುವ ಬಲ ಅಷ್ಟೇ ಇರುತ್ತೆ. ಚಕ್ರ ದೊಡ್ಡದಾದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಕಡಿಮೆಯಾಗುತ್ತೆ. ಉದ್ದ ಕೋಲಿನ ತುದಿಯಲ್ಲಿ ಭಾರ ಎತ್ತುವುದು ಕಷ್ಟವಲ್ಲವೇ, ಹಾಗೆ. ನನ್ನ ಲೆಕ್ಕದಲ್ಲಿ ಇದು ಶೇ. 5.5ರಷ್ಟು ಕಡಿಮೆ. ಜೊತೆಗೆ ಪ್ರತಿ ಟೈರ್ ಹಳೆಯದಕ್ಕಿಂತ ನಾಲ್ಕೈದು ಕಿಲೋ ಹೆಚ್ಚು ಭಾರ. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಮನೆ ಹಿಂದಿನ ಏರಿಗೆ ಮೊದಲನೇ ಗೇರ್ ಬೇಕಾಯಿತು. ಮೈಲೇಜ್ ಇಳಿಯಿತು ಅಂತ ಬೇರೆ ಹೇಳಬೇಕಿಲ್ಲ.

ಎರಡನೆಯದು ಬ್ರೇಕ್. ತಿರುಗುತ್ತಿರುವ ಭಾರವಾದ ದೊಡ್ಡ ಚಕ್ರವನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕ್ ಹೆಚ್ಚು ದುಡಿಯಬೇಕು. ಎಬಿಎಸ್ ಮತ್ತು ಇಎಸ್‌ಪಿಯಂಥ ವ್ಯವಸ್ಥೆಗಳನ್ನು ಕಂಪನಿ ಹೊಂದಿಸಿರುವುದು ಕೂಡ ತನ್ನ ಟೈರಿನ ಲೆಕ್ಕದಲ್ಲಿ. ಇಳಿಜಾರಿನ ಘಾಟಿಯಲ್ಲಿ ಇದೆಲ್ಲ ಒಟ್ಟಿಗೆ ನೆನಪಾಗುತ್ತೆ.

ಮೂರನೆಯದು ಸ್ಪೀಡೋಮೀಟರ್. ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದರ ಮೇಲೆ ಅದು ವೇಗ ಹೇಳುತ್ತೆ. ಚಕ್ರ ದೊಡ್ಡದಾಗಿದ್ದು ಅದಕ್ಕೆ ಗೊತ್ತಿಲ್ಲ. ಮೊದಲು ನಿಜವಾಗಿ 80ರಲ್ಲಿ ಓಡುತ್ತಿದ್ದ ಗಾಡಿ ಈಗ ಅದೇ ಸುತ್ತಿಗೆ ಸುಮಾರು 84.6ರಲ್ಲಿ ಓಡುತ್ತಿರುತ್ತೆ. ಮೀಟರ್‌ಗಳು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಇರುತ್ತವೆ, ಅದೊಂದು ಸುರಕ್ಷತೆಯ ಅಂತರ. ದೊಡ್ಡ ಟೈರ್ ಆ ಅಂತರವನ್ನು ನುಂಗುತ್ತೆ.

ನಾಲ್ಕನೆಯದು ಜಾಗ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತೆ. ಅಂಗಡಿಯ ಸಮತಟ್ಟು ನೆಲದಲ್ಲಿ ಇದು ಗೊತ್ತಾಗಲ್ಲ. ಒಂದು ಚಕ್ರ ಬಂಡೆ ಹತ್ತಿ ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡಾಗ, ಅದೇ ಹೊತ್ತಿಗೆ ಸ್ಟೇರಿಂಗ್ ತಿರುಗಿಸಿದಾಗ, ಕರ್ರ್ ಅಂತ ಕೇಳಿಸುತ್ತೆ. ಲಿಫ್ಟ್ ಮಾಡದ ಗಾಡಿಯ ನಿಜವಾದ ಮಿತಿ ಇದು.

ಅಗಲದ ರಿಮ್ಮಿನದು ಇನ್ನೊಂದು ಕಥೆ. ಪ್ರತಿ ಟೈರಿಗೂ ಇಂತಿಷ್ಟು ಅಗಲದ ರಿಮ್ಮೇ ಆಗಬೇಕು ಅಂತ ಇರುತ್ತೆ. ಜಿಮ್ನಿಯ ರಿಮ್ ಐದೂವರೆ ಇಂಚು ಅಗಲ. 215 ಅಗಲದ ಟೈರ್ ಅದರಲ್ಲಿ ಕೂರುತ್ತೆ, 235ಕ್ಕೆ ಕನಿಷ್ಠ ಆರು ಇಂಚು ಬೇಕು. ಅಂಗಡಿಯವರು ಕೊಟ್ಟ ಹೊಸ ರಿಮ್ಮಿನಲ್ಲಿ ಚಕ್ರ ಹೊರಗೆ ಚಾಚಿ ನಿಂತಿತು. ನೋಡೋಕೆ ಗತ್ತು. ಆದರೆ ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಒತ್ತಡ ಹೆಚ್ಚು, ಕಲ್ಲಿಗೆ ಬಡಿದರೆ ಸ್ಟೇರಿಂಗ್ ಕೈಗೆ ಒದೆಯುತ್ತೆ, ಮಡ್‌ಗಾರ್ಡ್ ದಾಟಿ ಹಾರುವ ಕೆಸರು ಪಕ್ಕದಲ್ಲಿ ನಡೆದು ಹೋಗುವವರ ಮೈಮೇಲೆ.

ದುಬಾರಿ ಮಾಡೆಲ್ಲಿಗೆ ದೊಡ್ಡ ರಿಮ್ ಯಾಕೆ?

ಇಲ್ಲಿ ಮಾರುಕಟ್ಟೆಯ ಒಂದು ತಮಾಷೆ ನೋಡಿ. 2020ರಲ್ಲಿ ಬಂದ ಮೂರು ಬಾಗಿಲಿನ ಮಹೀಂದ್ರಾ ಥಾರ್‌ನಲ್ಲಿ ಕಡಿಮೆ ಬೆಲೆಯ ಎಎಕ್ಸ್ ಮಾದರಿಗೆ 245/75 ಆರ್16 ಟೈರ್, ಸ್ಟೀಲ್ ರಿಮ್. ದುಬಾರಿಯ ಎಲ್‌ಎಕ್ಸ್‌ಗೆ 255/65 ಆರ್18, ಅಲಾಯ್. ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಕೆಳಗಿನ ಮಾದರಿಗಳಿಗೆ 18 ಇಂಚಿನ ರಿಮ್, ಅತಿ ದುಬಾರಿಯದಕ್ಕೆ 255/60 ಆರ್19.

ಈಗ ಕ್ಯಾಲ್ಕ್ಯುಲೇಟರ್ ತೆಗೆಯಿರಿ. 255/65 ಆರ್18 ಟೈರಿನ ಒಟ್ಟು ಎತ್ತರ 788.7 ಮಿ.ಮೀ. 255/60 ಆರ್19 ಟೈರಿನದು 788.6. ಎರಡೂ ಒಂದೇ! ಅಂದರೆ ದೊಡ್ಡ ರಿಮ್ ಕೊಟ್ಟಾಗ ಚಕ್ರ ದೊಡ್ಡದಾಗಲಿಲ್ಲ, ಒಳಗಿನ ಲೋಹ ಹೆಚ್ಚಾಗಿ ಹೊರಗಿನ ರಬ್ಬರ್ ಕಡಿಮೆಯಾಯಿತು ಅಷ್ಟೇ. ಪಕ್ಕದ ಗೋಡೆ 16 ಇಂಚಿನ ರಿಮ್ಮಿನಲ್ಲಿ ಸುಮಾರು 184 ಮಿ.ಮೀ., 18ರಲ್ಲಿ 166, 19ರಲ್ಲಿ 153.

ಡಾಂಬರಿನಲ್ಲಿ ತೆಳುಗೋಡೆಯ ಟೈರ್ ತಿರುವುಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತೆ, ಅದು ನಿಜ. ಆದರೆ ಕಲ್ಲು, ಬೇರು, ಹೊಂಡದ ದಾರಿಯಲ್ಲಿ ಏಟು ಹೀರಿಕೊಳ್ಳುವುದು ಆ ರಬ್ಬರ್ ಗೋಡೆಯೇ. ಗೋಡೆ ತೆಳುವಾದಷ್ಟೂ ಏಟು ನೇರ ರಿಮ್ಮಿಗೆ. ಸ್ಟೀಲ್ ರಿಮ್ ಬಗ್ಗಿದರೆ ಕಾಕನಂಥವರು ಸುತ್ತಿಗೆಯಲ್ಲಿ ಬಡಿದು ಮನೆ ಮುಟ್ಟುವ ಮಟ್ಟಿಗೆ ಸರಿ ಮಾಡಿಕೊಡುತ್ತಾರೆ. ಅಲಾಯ್ ಸೀಳಿದರೆ ಹೊಸದನ್ನೇ ಹಾಕಬೇಕು. ಕಾಡುದಾರಿಗೆ ಹೆಚ್ಚು ಒಗ್ಗುವ ಚಕ್ರ 'ಬಡವರ ಮಾಡೆಲ್'ನಲ್ಲಿದೆ, ಕಾಡುದಾರಿಯ ಜಾಹೀರಾತು ತೋರಿಸಿ ಮಾರುವುದು ಮಾತ್ರ ದೊಡ್ಡ ರಿಮ್ಮಿನದನ್ನು. ಶಕ್ತಿ ಅಂದರೆ ದೊಡ್ಡದು, ಗತ್ತು ಅಂದರೆ ದೊಡ್ಡದು ಅಂತ ನಮಗೆ ಕಲಿಸಿದ್ದಾರೆ. ರಾಜಕೀಯದಲ್ಲಿ ಎದೆಯಗಲದ ಲೆಕ್ಕ ಕೇಳಿ ನಗುವ ನಾವೇ ಷೋರೂಮಿನಲ್ಲಿ ರಿಮ್ಮಿನ ಇಂಚು ಕೇಳಿ ಮರುಳಾಗುತ್ತೇವೆ.

ಇದರಲ್ಲಿ ಉಪಯೋಗಕ್ಕೆ ಬರುವ ಮಾತು: ನಿಮ್ಮದೇ ಗಾಡಿಯ ಬೇರೆ ಮಾದರಿಗೆ ಕಂಪನಿ ಚಿಕ್ಕ ರಿಮ್ ಕೊಟ್ಟಿದ್ದರೆ, ಅದೇ ನಿಮಗೆ ಸಿಗುವ ಅತ್ಯಂತ ಸುರಕ್ಷಿತ ಬದಲಾವಣೆ. ಬ್ರೇಕಿನ ಡಿಸ್ಕ್‌ಗೆ ರಿಮ್ ತಾಗುತ್ತಾ ಅಂತ ಮಾತ್ರ ಮೊದಲು ನೋಡಿಸಿಕೊಳ್ಳಿ.

ಅಗಲ ಇದ್ದರೆ ಹೂತು ಹೋಗಲ್ಲವಾ?

ಇದು ಅರ್ಧ ಸತ್ಯ. ರಾಜಸ್ಥಾನದ ಮರಳಿನಲ್ಲಿ ಅಗಲದ ಟೈರ್ ಒಳ್ಳೆಯದು. ಅಲ್ಲಿ ಎಷ್ಟು ಆಳ ಹೋದರೂ ಮರಳೇ, ಹಾಗಾಗಿ ಮೇಲೆ ತೇಲಬೇಕು. ಮಲೆನಾಡಿನ ಕೆಸರು ಬೇರೆ ಥರ. ಮೇಲೆ ಅರ್ಧ ಅಡಿ ಅರಲು, ಕೆಳಗೆ ಗಟ್ಟಿ ಜಂಬಿಟ್ಟಿಗೆಯೋ ಕಲ್ಲೋ ಇರುತ್ತೆ. ಇಲ್ಲಿ ತೇಲಿದರೆ ಜಾರುತ್ತೀರಿ. ಸಪೂರ ಟೈರ್ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಡಾಂಬರಿನ ಮೇಲೆ ನೀರು ನಿಂತಾಗಲೂ ಅಷ್ಟೇ, ಅಗಲದ ಟೈರ್ ನೀರಿನ ಮೇಲೆ ಬೇಗ ತೇಲುತ್ತೆ.

ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪಿನ ಟೈರ್ ಸೈಜು 6.00-16. ಅಗಲ ಆರೇ ಇಂಚು, ಅಂದರೆ ಸುಮಾರು 152 ಮಿ.ಮೀ. 'ಸೈಕಲ್ ಟೈರ್' ಅಂತ ನನ್ನನ್ನು ಗೇಲಿ ಮಾಡಿದರಲ್ಲ, ಅದಕ್ಕಿಂತಲೂ ಸಪೂರ. ಅದೇ ವಂಶದ ಮಹೀಂದ್ರಾ ಜೀಪುಗಳೂ ಅದೇ ಸೈಜಿನಲ್ಲಿ ದಶಕಗಟ್ಟಲೆ ನಮ್ಮ ತೋಟಗಳ ದಾರಿಯಲ್ಲಿ ಓಡಿವೆ. ನಮ್ಮ ಮಾವನ ಹಳೆಯ ಜೀಪು ಇವತ್ತಿಗೂ ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಗಳನ್ನು ಹೊತ್ತು ಅದೇ ಸಪೂರ ಟೈರಿನಲ್ಲಿ ಗುಡ್ಡ ಹತ್ತುತ್ತೆ. ಕೊಡಚಾದ್ರಿಗೋ ಮಾಂದಲ್‌ಪಟ್ಟಿಗೋ ಜೀಪಿನಲ್ಲಿ ಹೋದವರು ಮುಂದಿನ ಸಲ ಡ್ರೈವರನ್ನು ಟೈರಿನ ಬಗ್ಗೆ ಕೇಳಿ ನೋಡಿ. ದಿನಕ್ಕೆ ಮೂರು ಟ್ರಿಪ್ ಹೊಡೆದು ಅದರಲ್ಲೇ ಸಂಸಾರ ನಡೆಸುವವರು ಚೆಂದಕ್ಕೆ ಅಂತ ಟೈರ್ ಕೊಳ್ಳುವುದಿಲ್ಲ.

ಹಲ್ಲು ಮತ್ತು ಗಾಳಿ

ಸೈಜು ಬಿಟ್ಟರೆ ಏನು ಬದಲಿಸಬಹುದು? ಟೈರಿನ ಜಾತಿ. ಮೂರು ಮುಖ್ಯ ಬಗೆಗಳಿವೆ. ಎಚ್‌ಟಿ ಹೆದ್ದಾರಿಗೆ: ನುಣುಪು, ಸದ್ದಿಲ್ಲ, ಒದ್ದೆ ಡಾಂಬರಿನಲ್ಲಿ ಚೆನ್ನಾಗಿ ನಿಲ್ಲುತ್ತೆ, ಕೆಸರಿನಲ್ಲಿ ಬೇಗ ಸೋಲುತ್ತೆ. ಎಂಟಿ ಕೆಸರಿಗೆ: ನಮ್ಮ ಕಡೆ 'ಬಟನ್ ಟೈರ್' ಅಂತಾರಲ್ಲ, ಅದರ ದೊಡ್ಡಣ್ಣ. ದಪ್ಪ ಹಲ್ಲು, ನಡುವೆ ಅಗಲದ ಸಂದು. ಕೆಸರನ್ನು ಕಿತ್ತೆಸೆದು ಮುಂದೆ ಹೋಗುತ್ತೆ. ಆದರೆ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ, ಒದ್ದೆ ರಸ್ತೆಯಲ್ಲಿ ನಿಲ್ಲಲು ಹೆಚ್ಚು ದೂರ ಬೇಕು, ಗುಂಯ್ ಅನ್ನುವ ಸದ್ದು ಬೇರೆ. ಎಟಿ ಎರಡರ ನಡುವಿನದು.

ನಿಮ್ಮ ಗಾಡಿ ನೂರು ಕಿಲೋಮೀಟರ್ ಓಡಿದರೆ ಅದರಲ್ಲಿ ಡಾಂಬರು ಎಷ್ಟು, ಮಣ್ಣು ಎಷ್ಟು? ನಾನು ಪ್ರಾಮಾಣಿಕವಾಗಿ ಲೆಕ್ಕ ಹಾಕಿದೆ. ಬೆಂಗಳೂರು, ಹಾಸನ, ಬೇಲೂರು, ಮೂಡಿಗೆರೆ ಪೂರ್ತಿ ಡಾಂಬರು. ಕೊನೆಗೆ ಎರಡು ಕಿಲೋಮೀಟರ್ ಮಣ್ಣು. ಆ ಎರಡಕ್ಕಾಗಿ ನಾನು ಉಳಿದ ಇನ್ನೂರೈವತ್ತರಲ್ಲಿ ಕಡಿಮೆ ಹಿಡಿತದ ಟೈರಿನಲ್ಲಿ ಓಡಾಡುತ್ತಿದ್ದೆ. ಘಾಟಿಯಲ್ಲಿ ಆಗಿದ್ದು ಆ ಇನ್ನೂರೈವತ್ತರ ಪಾಲಿನಲ್ಲಿ. ನನ್ನಂಥವರಿಗೆ ಕಂಪನಿಯ ಸೈಜಿನಲ್ಲೇ ಎಟಿ ಟೈರ್ ಸಾಕು. ತೋಟದೊಳಗೇ ಓಡಾಡುವ ಗಾಡಿಗೆ ಎಂಟಿ ಹಾಕಿದರೆ ಅರ್ಥ ಇದೆ.

ಇನ್ನು ಗಾಳಿ. ಇದು ಬಿಟ್ಟಿ ಸಿಗುವ ಮಾರ್ಪಾಡು, ಆದರೆ ಮಾಡುವವರು ಕಡಿಮೆ. ಟೈರಿನಲ್ಲಿ ಗಾಳಿ ಇಳಿಸಿದರೆ ಅದು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತೆ, ಕಲ್ಲಿನ ಸುತ್ತ ಬಾಗುತ್ತೆ, ಹಿಡಿತ ಹೆಚ್ಚುತ್ತೆ. ಕೆಸರು, ಮರಳು, ಕಲ್ಲಿನ ದಾರಿಯಲ್ಲಿ 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಗಾಡಿ ಬೇರೆಯೇ ಆಗಿಬಿಡುತ್ತೆ. 15ಕ್ಕಿಂತ ಕೆಳಗೆ ಹೋಗಬೇಡಿ, ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ ನಿಧಾನಕ್ಕೆ ಓಡಿಸಿ, ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರ್ ಬಿಸಿಯಾಗಿ ಸಿಡಿಯುವ ಅಪಾಯ ಇದೆ. ಗಾಡಿಯ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್, ಒಂದು ಗೇಜು, ಇವೆರಡಕ್ಕೆ ಒಂದು ಹೊಸ ಟೈರಿನ ಅರ್ಧ ಬೆಲೆಯೂ ಆಗುವುದಿಲ್ಲ.

ಈ ಗಾಳಿಯ ವಿದ್ಯೆಯನ್ನು ನನಗೆ ಹೇಳಿಕೊಟ್ಟಿದ್ದು ಕಾಕ. ರಾಜಕೀಯ ಭಾಷಣಗಳಲ್ಲಿ 'ಪಂಕ್ಚರ್ ಹಾಕುವವರು' ಎಂಬುದನ್ನು ಬೈಗುಳದಂತೆ ಬಳಸುವುದನ್ನು ನಾವೆಲ್ಲ ಕೇಳಿದ್ದೇವೆ. ಟೈರಿನ ಗೋಡೆ ಬೆರಳಲ್ಲಿ ಒತ್ತಿ ನೋಡಿ ಅದರ ಆಯಸ್ಸು ಹೇಳುವವರಿಗೆ ಯಾವ ಮಟ್ಟದ ತಿಳಿವಳಿಕೆ ಇರುತ್ತೆ ಅನ್ನುವುದು ಹಾಗೆ ಮಾತಾಡುವವರಿಗೆ ಗೊತ್ತಿದ್ದಂತಿಲ್ಲ. ಒಂದು ಮಳೆಗಾಲ ಮಲೆನಾಡಿನಲ್ಲಿ ಗಾಡಿ ಓಡಿಸಿದರೆ ಗೊತ್ತಾಗುತ್ತೆ.

ಕಾನೂನು ಯಾರ ಕೈ ಹಿಡಿಯುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಕಂಪನಿಯ ಮೂಲ ವಿನ್ಯಾಸದ ವಿವರಗಳನ್ನು ಬದಲಿಸುವಂತಿಲ್ಲ ಅಂತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ನಿಯಮ ಮೀರಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ ₹5,000 ದಂಡ, ಅಥವಾ ಎರಡೂ.

ಟೈರ್ ಬದಲಿಸಿದವರೆಲ್ಲ ಜೈಲಿಗೆ ಹೋಗುತ್ತಾರೆ ಅಂತಲ್ಲ. ಕಂಪನಿಯೇ ಆ ಗಾಡಿಗೆ ಕೊಡುವ ಸೈಜುಗಳ ಒಳಗೇ ಇದ್ದರೆ ವಾದಕ್ಕೆ ಆಸ್ಪದ ಕಡಿಮೆ. ಅದನ್ನು ದಾಟಿದಾಗ, ಚಕ್ರ ಮಡ್‌ಗಾರ್ಡಿನ ಹೊರಗೆ ಚಾಚಿದಾಗ, ನೀವು ಪೊಲೀಸರ ಮರ್ಜಿಯ ಮೇಲೆ ಓಡಾಡುತ್ತಿರುತ್ತೀರಿ. ಮರ್ಜಿ ಯಾರಿಗೆ ಹೇಗೆ ಕೆಲಸ ಮಾಡುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಶಾಸಕರ ಸ್ಟಿಕ್ಕರ್ ಅಂಟಿಸಿದ ಗಾಡಿಗೆ ಒಂದು ನ್ಯಾಯ, ಬಾಡಿಗೆ ಜೀಪಿಗೆ ಇನ್ನೊಂದು.

ನನಗೆ ಬಿಸಿ ಮುಟ್ಟಿದ್ದು ವಿಮೆಯಲ್ಲಿ. ಸರ್ವೇಯರ್ ಗಾಡಿ ನೋಡಲು ಬಂದವರು ಬಂಪರ್ ನೋಡುವ ಮೊದಲು ಕೇಳಿದ್ದು, "ಟೈರ್ ಸೈಜ್ ಬೇರೆ ಇದೆಯಲ್ಲ ಸರ್, ಕಂಪನಿಗೆ ತಿಳಿಸಿದ್ರಾ?" ತಿಳಿಸಿರಲಿಲ್ಲ. ನನ್ನ ಗಾಡಿಯ ರಿಪೇರಿ ಹಣ ಎರಡು ತಿಂಗಳು ಪತ್ರವ್ಯವಹಾರದಲ್ಲಿ ಸಿಕ್ಕಿಕೊಂಡು, ಕೊನೆಗೆ ಕತ್ತರಿ ಹಾಕಿಸಿಕೊಂಡು ಬಂತು. ಟೈರ್ ಮಾರಿದ ಅಂಗಡಿಗೆ ಫೋನ್ ಮಾಡಿದರೆ, "ನೀವೇ ಕೇಳಿದ್ದು ಸರ್, ನಾವು ಹಾಕಿದ್ವಿ" ಅಂದರು. ಅದೂ ನಿಜವೇ. ಮಾರುವವರು ರಾಜಾರೋಷವಾಗಿ ಮಾರುತ್ತಾರೆ, ರೀಲ್ಸ್ ಮಾಡುವವರು ಮಾಡುತ್ತಾರೆ, ಪ್ರಶ್ನೆ ಬಂದಾಗ ಉತ್ತರಿಸಬೇಕಾದವರು ಮಾಲೀಕರು.

ಹಾಗಾದರೆ ಏನು ಮಾಡೋದು?

ಕೊಳ್ಳುವ ಮೊದಲು ಈ ಕ್ರಮದಲ್ಲಿ ಹೋಗಿ.

ಒಂದು, ಡ್ರೈವರ್ ಬಾಗಿಲ ಹತ್ತಿರ ಅಂಟಿಸಿರುವ ಚೀಟಿ ಓದಿ. ಸೈಜು, ಗಾಳಿ ಎರಡೂ ಅಲ್ಲಿರುತ್ತೆ. ಅದೇ ಗಾಡಿಯ ಬೇರೆ ಮಾದರಿಗಳಿಗೆ ಕಂಪನಿ ಯಾವ ಸೈಜು ಕೊಟ್ಟಿದೆ ಎಂದೂ ನೋಡಿ.

ಎರಡು, ಮೊದಲು ಅದೇ ಸೈಜಿನಲ್ಲಿ ಎಟಿ ಟೈರ್ ಸಿಗುತ್ತಾ ಹುಡುಕಿ. ಸಿಗದೆ ಸೈಜು ಬದಲಿಸುವುದೇ ಆದರೆ ಒಟ್ಟು ಎತ್ತರದ ವ್ಯತ್ಯಾಸ ಶೇ. 3ರೊಳಗೆ ಇರಲಿ, ಇದು ಟೈರ್ ವೃತ್ತಿಯಲ್ಲಿ ರೂಢಿಯಲ್ಲಿರುವ ಮಿತಿ. ಉದಾಹರಣೆಗೆ ಜಿಮ್ನಿಗೆ 215/75 ಆರ್15 ಹಾಕಿದರೆ ಎತ್ತರ 703.5 ಮಿ.ಮೀ., ಶೇ. 1.5 ಮಾತ್ರ ಹೆಚ್ಚು, ಹಳೆಯ ರಿಮ್ಮೇ ಆಗುತ್ತೆ. ಆದರೆ ಶೇ. 3 ಎನ್ನುವುದು ಯಂತ್ರದ ಲೆಕ್ಕ, ಕಾನೂನಿನ ರಿಯಾಯಿತಿಯಲ್ಲ. ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ಮೂರು, ಭಾರದ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆ ಇರಬಾರದು. ಐಎಸ್‌ಐ ಗುರುತು ನೋಡಿ. ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿರುತ್ತೆ: 2324 ಅಂದರೆ 2024ರ 23ನೇ ವಾರ. ಹಳೆಯ ಸ್ಟಾಕ್ ರಿಯಾಯಿತಿಯಲ್ಲಿ ಕೊಟ್ಟರೂ ಬೇಡ.

ನಾಲ್ಕು, ಐದೂ ಟೈರ್ ಒಂದೇ ಸೈಜಿನದ್ದಿರಲಿ. ನನ್ನ ಹಾಗೆ ಸ್ಟೆಪ್ನಿಯಲ್ಲಿ ಉಳಿಸಲು ಹೋಗಬೇಡಿ. ಜಿಮ್ನಿಯಂಥ ಗಾಡಿಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಲೇಬೇಕು. ಒಂದು ಚಕ್ರ ನಾಲ್ಕು ಸೆಂಟಿಮೀಟರ್ ಚಿಕ್ಕದಿದ್ದರೆ ಒಳಗಿನ ಗೇರುಗಳು ಒಂದಕ್ಕೊಂದು ಗುದ್ದಾಡುತ್ತವೆ. ಅಂದರೆ ಪಂಕ್ಚರ್ ಆದ ದಿನ, ಅತ್ಯಂತ ಬೇಕಾದ ಹೊತ್ತಿನಲ್ಲಿ, ಫೋರ್ ವೀಲ್ ಹಾಕುವಂತಿಲ್ಲ.

ಐದು, ಸವೆತ ನೋಡುತ್ತಿರಿ. ಕಾರು, ಜೀಪಿನ ಟೈರಿನ ತೋಡು 1.6 ಮಿ.ಮೀ.ಗಿಂತ ಕಡಿಮೆಯಾದರೆ ನಿಯಮದ ಪ್ರಕಾರವೇ ಅದು ರಸ್ತೆಗೆ ಯೋಗ್ಯವಲ್ಲ. ಮಳೆ ನಾಡಿನಲ್ಲಿ ಅಲ್ಲಿಯತನಕ ಕಾಯಬೇಡಿ.

ಇನ್ನೊಂದು ಮಾತು ಗೆಳೆಯರಿಗೆ. ದಪ್ಪ ಹಲ್ಲಿನ ಟೈರ್ ಹುಲ್ಲುಗಾವಲಿನಲ್ಲಿ ಓಡಿದ ಗುರುತು ಒಂದು ಮಳೆಗೆ ಅಳಿಯುವುದಿಲ್ಲ. ಆ ಗುರುತಿನಲ್ಲಿ ನೀರು ಇಳಿಯುತ್ತೆ, ಮಣ್ಣು ಕೊಚ್ಚುತ್ತೆ, ಮುಂದಿನ ವರ್ಷ ಅದು ಕಾಲುವೆ. ಇರುವ ದಾರಿಯಲ್ಲೇ ಹೋಗಿ, ಗಾಳಿ ಇಳಿಸಿ ನಿಧಾನ ಹೋಗಿ. ಯಾವ ಸೈಜಿನ ಟೈರೂ ಶೋಲಾ ಹುಲ್ಲುಗಾವಲಿಗೆ ಹೇಳಿ ಮಾಡಿಸಿದ್ದಲ್ಲ.

ಹಳೆಯ ಸೈಜಿಗೆ ವಾಪಸ್

ನಾನು ಕಂಪನಿಯ ಸ್ಟೀಲ್ ರಿಮ್ಮಿಗೆ, 195/80 ಆರ್15ಕ್ಕೆ ವಾಪಸ್ ಬಂದಿದ್ದೇನೆ, ಎಟಿ ಟೈರಿನಲ್ಲಿ. ಐದೂ ಒಂದೇ ಸೈಜು. ಕಾಕ ಗಾಳಿ ಹಾಕಿ, "ಈಗ ಕಾಲಿಗೆ ಸರಿಯಾಯ್ತು" ಅಂದರು. ಈ ಮಳೆಗಾಲ ಮನೆಯ ದಾರಿಯಲ್ಲಿ ಒಮ್ಮೆಯೂ ಹೂತುಕೊಂಡಿಲ್ಲ. ಒಂದು ದಿನ ಮಾತ್ರ ಗಾಳಿ ಇಳಿಸಬೇಕಾಯಿತು.

ಘಾಟಿಯಲ್ಲಿ ಬಿದ್ದವರ ಮನೆಗೆ ಎರಡು ಮೂರು ಸಲ ಹೋಗಿ ಬಂದೆ. ಆಸ್ಪತ್ರೆ ಖರ್ಚು, ಆರು ವಾರದ ಕೂಲಿ ಕೊಟ್ಟೆ. ಕೊನೆಯ ಸಲ ಹೋದಾಗ ಅಂಗಳದಲ್ಲಿ ನಿಂತಿದ್ದ ಅವರ ಬೈಕ್ ಕಣ್ಣಿಗೆ ಬಿತ್ತು. ಹಿಂದಿನ ಟೈರ್ ಪೂರ್ತಿ ಬೋಳು. ಆ ಟೈರಿನಲ್ಲೇ ಅವರು ದಿನಾ ಘಾಟಿ ಹತ್ತಿ ಇಳಿಯುತ್ತಿದ್ದರು. ಅವರ ಮನೆಗೂ ರಸ್ತೆ ಇಲ್ಲ, ನಮ್ಮ ಮನೆಯದ್ದಕ್ಕಿಂತ ಕೆಟ್ಟ ದಾರಿ. ಅದಕ್ಕೆ ಅವರು ಆಫ್‌ರೋಡ್ ಅಂತ ಹೆಸರಿಟ್ಟಿಲ್ಲ. ಪಂಚಾಯ್ತಿಗೆ ಅರ್ಜಿ ಕೊಟ್ಟು ಸುಸ್ತಾಗಿದ್ದಾರೆ.

ನಾನು ಗತ್ತಿಗೆ ಅಂತ ಕೊಂಡಿದ್ದ ಒಂದು ಟೈರಿನ ದುಡ್ಡಿನಲ್ಲಿ ಆ ಬೈಕಿಗೆ ಎರಡೂ ಟೈರ್ ಬರುತ್ತಿತ್ತು. ಈಗ ಎರಡನ್ನೂ ಕಾಕನ ಅಂಗಡಿಯಲ್ಲೇ ಹಾಕಿಸಿದ್ದೇವೆ. ರಸ್ತೆಯ ಅರ್ಜಿಗೆ ಈ ಸಲ ನಾನೂ ಸಹಿ ಹಾಕಿದ್ದೇನೆ.